ನೂರೆಂಟು ಬ್ಲಾಕ್ ರೆಡಿ, ಈಗ ಯಾವುದರ ಪಕ್ಕ ಯಾವುದು?

ಮೊನ್ನೆ ಮೂಡಿಗೆರೆ ಕಡೆಯಿಂದ ನಮ್ಮ ಅತ್ತಿಗೆ ಒಂದು ಫೋಟೋ ಕಳಿಸಿದ್ದರು. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಮಂಚದ ತುಂಬಾ ಕೌದಿ ಥರದ ಹೊದಿಕೆಗೆ ಅಂತ ಮಾಡಿದ ಆರುಮೂಲೆಯ ಬಟ್ಟೆ ತುಂಡುಗಳು. ಒಂದು ನೋಡಿದರೆ ದಾಸವಾಳ, ಇನ್ನೊಂದು ನಕ್ಷತ್ರ, ಮತ್ತೊಂದು ಯಾರೋ ನೀರಿಗೆ ಬಣ್ಣ ಹಾಕಿ ಕಡ್ಡಿಯಲ್ಲಿ ತಿರುಗಿಸಿದ ಹಾಗೆ. ಫೋಟೋ ಕೆಳಗೆ ಒಂದೇ ಸಾಲು: "ನೂರೆಂಟೂ ಆಯ್ತು ಕಣೇ. ಈಗ ಇದನ್ನ ಹೆಂಗೆ ಜೋಡಿಸೋದು?"

ಹಾಸನದಲ್ಲಿ ನಮ್ಮ ಬೀದಿಯಲ್ಲೇ ಇನ್ನಿಬ್ಬರು ಇದೇ ಪ್ರಶ್ನೆ ಕೇಳಿದ್ದರು. ಮಳೆಗಾಲ, ಮನೆಯಲ್ಲಿ ಹೊಲಿಗೆ ಮೆಷಿನ್, ಕೈಯಲ್ಲಿ ಮೊಬೈಲ್. ವಿಡಿಯೋ ನೋಡಿ ಕತ್ತರಿಸೋದನ್ನು ಎಲ್ಲರೂ ಕಲಿತರು. ಆದರೆ ಆ ವಿಡಿಯೋಗಳು ಬ್ಲಾಕ್ ಹೊಲಿಯುವ ತನಕ ನಿಧಾನವಾಗಿ ತೋರಿಸಿ, ಆಮೇಲೆ ಒಮ್ಮೆಲೇ ಮುಗಿದ ಕ್ವಿಲ್ಟ್ ತಂದು ನಿಲ್ಲಿಸಿಬಿಡುತ್ತವೆ. ನಡುವಿನದ್ದು ಮಾಯ. ಕಷ್ಟ ಇರುವುದೇ ಅಲ್ಲಿ.

## ಮೊದಲು, ಇದು ಏನು?

ಕ್ವಿಲ್ಟ್ ಅಂದರೆ ನಮ್ಮ ಕೌದಿಯ ದೂರದ ನೆಂಟ ಅಂದುಕೊಳ್ಳಿ. ಮೇಲೆ ತುಂಡು ಜೋಡಿಸಿದ ಬಟ್ಟೆ, ಕೆಳಗೆ ಅಸ್ತರು, ನಡುವೆ ಹತ್ತಿಯದ್ದೋ ಹಳೇ ಹೊದಿಕೆಯದ್ದೋ ಒಂದು ಪದರ. ಮೂರನ್ನೂ ಸೇರಿಸಿ ಹೊಲಿಯುವುದು. ಮೇಲಿನ ಪದರದಲ್ಲಿ ಮತ್ತೆ ಮತ್ತೆ ಬರುವ ಒಂದೊಂದು ತುಂಡಿಗೆ ಬ್ಲಾಕ್ ಅನ್ನುತ್ತಾರೆ.

ಎಲ್ಲ ಕೌದಿಗೂ ಮೊದಲೇ ಜೋಡಣೆ ಯೋಚಿಸಬೇಕು ಅಂತೇನಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಒಂದು ಮೂಲೆಯಿಂದ ಶುರುವಾಗಿ, ಅಂಚು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಕೈಗೆ ಸಿಕ್ಕ ತುಂಡು ನೋಡಿ, ಮುಂದಿನದ್ದು ಅಲ್ಲೇ ತೀರ್ಮಾನ. ನಮ್ಮ ಈ ಕೆಲಸ ಹಾಗಲ್ಲ. ಇಲ್ಲಿ ಬ್ಲಾಕ್‌ಗಳೆಲ್ಲ ಮೊದಲು, ಜೋಡಣೆ ಆಮೇಲೆ, ದೊಡ್ಡ ಹೊಲಿಗೆ ಕೊನೆಗೆ.

ಅತ್ತಿಗೆ ಮಾಡಿದ ಬಗೆಗೆ ಒನ್ ಬ್ಲಾಕ್ ವಂಡರ್ ಅಂತ ಹೆಸರಿದೆ. ಒಂದೇ ಬಟ್ಟೆ, ಅದರಲ್ಲಿ ದೊಡ್ಡ ದೊಡ್ಡ ಹೂವಿನ ಪ್ರಿಂಟ್. ಮಿಲ್ಲಿನ ಪ್ರಿಂಟ್ ಬಟ್ಟೆಯಲ್ಲಿ ಚಿತ್ರ ಸ್ವಲ್ಪ ದೂರಕ್ಕೊಮ್ಮೆ ಮತ್ತೆ ಅದೇ ಬರುತ್ತದೆ, ಗಮನಿಸಿದ್ದೀರಲ್ವಾ? ಅಚ್ಚು ಹಾಕುವ ಉರುಳೆ ಒಂದು ಸುತ್ತು ಮುಗಿಸಿದಾಗ ಚಿತ್ರ ಮೊದಲಿನಿಂದ ಶುರು. ಈ ಅಳತೆ ತುಂಬಾ ಬಟ್ಟೆಗಳಲ್ಲಿ 64 ಸೆಂಟಿಮೀಟರ್, ಅಂದರೆ ಸುಮಾರು 25 ಇಂಚು. ಹಾಗೆ ಆರು ಸಲ ಬರುವಷ್ಟು ಬಟ್ಟೆ ಬೇಕು. 3.84 ಮೀಟರ್ ಆಯಿತು. ಹೆಚ್ಚುಕಮ್ಮಿಗೆ ನಾಲ್ಕೂವರೆ ಮೀಟರ್ ತಗೊಂಡರೆ ನೆಮ್ಮದಿ.

ಆ ಆರೂ ಭಾಗವನ್ನು ಒಂದರ ಮೇಲೊಂದು ಇಡುತ್ತಾರೆ. ಸುಮ್ನೆ ಇಡುವುದಲ್ಲ. ಮೇಲಿನ ಪದರದಲ್ಲಿ ಒಂದು ದಳದ ತುದಿಗೆ ಗುಂಡುಪಿನ್ನು ಚುಚ್ಚಿದರೆ ಅದು ಕೆಳಗಿನ ಐದರಲ್ಲೂ ಅದೇ ದಳದ ಅದೇ ತುದಿಯಲ್ಲಿ ಇಳಿಯಬೇಕು. ಆಮೇಲೆ ಆರೂ ಪದರವನ್ನು ಒಟ್ಟಿಗೆ ಪಟ್ಟಿ ಕತ್ತರಿಸಿ, ಪಟ್ಟಿಯನ್ನು ಮೂರು ಬದಿಯೂ ಸಮ ಇರುವ ತ್ರಿಕೋನಗಳಾಗಿ ಕತ್ತರಿಸುತ್ತಾರೆ. ಒಂದು ಸಲ ಕತ್ತರಿಸಿದರೆ ಕೈಗೆ ಬರುವುದು ಅಚ್ಚು ಒಂದೇ ಥರದ ಆರು ತ್ರಿಕೋನ. ಅಂಥ ತ್ರಿಕೋನದ ಮೂಲೆ 60 ಡಿಗ್ರಿ, ಆರು ಸೇರಿದರೆ 360, ಒಂದು ಪೂರ್ತಿ ಸುತ್ತು. ಆರುಮೂಲೆ ಸಿದ್ಧ.

ಅತ್ತಿಗೆ ಬಟ್ಟೆ 44 ಇಂಚು ಅಗಲದ್ದು. ಮೂರೂ ಮುಕ್ಕಾಲು ಇಂಚಿಗೆ ಒಂದು ಪಟ್ಟಿ. 25 ಇಂಚಿನಲ್ಲಿ ಅಂಥ ಆರು ಪಟ್ಟಿ, ಪಟ್ಟಿಗೆ 18 ತ್ರಿಕೋನ. ಆರು ಹದಿನೆಂಟಲೆ ನೂರೆಂಟು. ದೇವರ ಲೆಕ್ಕ ಏನಲ್ಲ, ಬಟ್ಟೆಯ ಲೆಕ್ಕವೇ ಹಾಗೆ ಬಂತು.

## ಕೆಲಿಡೋಸ್ಕೋಪ್ ಅಂತಾರೆ, ಆದರೆ ಇಲ್ಲಿ ಕನ್ನಡಿ ಇಲ್ಲ

ಚಿಕ್ಕವರಿದ್ದಾಗ ಗಾಜಿನ ಮೂರು ಪಟ್ಟಿ ಕಟ್ಟಿ, ಒಳಗೆ ಬಳೆ ಚೂರು ಹಾಕಿ, ಒಂದು ಕಣ್ಣು ಮುಚ್ಚಿ ನೋಡಿದವರಿಗೆ ಕೆಲಿಡೋಸ್ಕೋಪ್ ಗೊತ್ತು. ಅದನ್ನು 1816ರಲ್ಲಿ ಕಂಡುಹಿಡಿದವರು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್. ಮರುವರ್ಷ ಪೇಟೆಂಟ್ ಕೂಡ ಪಡೆದರು. ನಾಲ್ಕೇ ಬಳೆ ಚೂರು ಕನ್ನಡಿಯಲ್ಲಿ ಬಿದ್ದು, ಆ ಬಿಂಬ ಇನ್ನೊಂದು ಕನ್ನಡಿಯಲ್ಲಿ ಬಿದ್ದು, ಇಡೀ ಹೂದೋಟ ಕಾಣುತ್ತದೆ.

ನಮ್ಮ ಬ್ಲಾಕ್ ಅದರ ಹಾಗೆ ಕಾಣುತ್ತದೆ, ಆದರೆ ಅದೇ ಅಲ್ಲ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಬಟ್ಟೆಯಲ್ಲಿ ಆರೂ ತ್ರಿಕೋನದ ಮುಖ ಮೇಲೆಯೇ, ಯಾವುದೂ ಮಗುಚುವುದಿಲ್ಲ. ಒಂದೇ ತ್ರಿಕೋನ ಆರು ಸಲ ಸುತ್ತ ತಿರುಗಿ ಕೂತಿದೆ, ಅಷ್ಟೇ. ಹಾಗಾಗಿಯೇ ಕೆಲವು ಬ್ಲಾಕ್ ಜಾತ್ರೆಯಲ್ಲಿ ಮಾರುವ ಕಾಗದದ ಗಿರಗಿಟ್ಲೆ ಥರ ಒಂದೇ ಕಡೆಗೆ ಸುತ್ತುತ್ತಿರುವ ಹಾಗೆ ಕಾಣುವುದು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಜೋಡಿಸುವಾಗ ಎಲ್ಲರೂ ಮಾಡುವ ಒಂದು ಕೆಲಸ ಅಂದರೆ, ಬ್ಲಾಕ್ ಅನ್ನು ಇಟ್ಟ ಜಾಗದಲ್ಲೇ ತಿರುಗಿಸಿ ತಿರುಗಿಸಿ ನೋಡುವುದು. ಒಂದು ಬದಿ ಮುಂದಕ್ಕೆ ತಿರುಗಿಸಿದರೆ ಚೆಂದ ಕಾಣಬಹುದೇನೋ ಅಂತ. ಅತ್ತಿಗೆ ಒಂದು ಸಂಜೆ ಪೂರ್ತಿ ಇದನ್ನೇ ಮಾಡಿದ್ದರು. ಆರೂ ತ್ರಿಕೋನ ಒಂದೇ ಆದ ಮೇಲೆ ಆರೂ ಬದಿಯೂ ಒಂದೇ ತಾನೇ? ಒಂದು ಬದಿ ತಿರುಗಿಸಿದರೆ ಮೊದಲಿದ್ದ ಹಾಗೇ ಬಂದು ಕೂರುತ್ತದೆ. ಪಗಡೆ ದಾಳದ ಎಲ್ಲ ಮುಖದಲ್ಲೂ ಅದೇ ಚುಕ್ಕಿ ಇದ್ದರೆ ಎಷ್ಟು ಸಲ ಎಸೆದರೆ ಏನು?

ಹಾಗಾದರೆ ಬದಲಾಯಿಸಲು ನಿಮ್ಮ ಕೈಯಲ್ಲಿ ಏನಿದೆ? ಎರಡೇ. ತ್ರಿಕೋನದ ಯಾವ ಮೂಲೆ ನಡುವಿಗೆ ಬರಬೇಕು ಅನ್ನುವುದು, ಮತ್ತು ಯಾವ ಬ್ಲಾಕಿನ ಪಕ್ಕ ಯಾವ ಬ್ಲಾಕ್ ಅನ್ನುವುದು.

## ಮೂರು ಮೂಲೆ, ಮೂರು ಹೂವು

ಒಂದು ತ್ರಿಕೋನದಲ್ಲಿ ಒಂದು ಮೂಲೆ ಕೆಂಪು, ಒಂದು ಹಸಿರು, ಒಂದು ಹಳದಿ ಅಂದುಕೊಳ್ಳಿ. ಕೆಂಪು ಮೂಲೆಗಳೆಲ್ಲ ನಡುವಿಗೆ ಸೇರಿದರೆ ಕೆಂಪು ನಡುವಿನ ಹೂವು, ಅಂಚಿನಲ್ಲಿ ಹಸಿರು ಮತ್ತು ಹಳದಿ. ಹಸಿರು ಮೂಲೆ ನಡುವಿಗೆ ಹಾಕಿದರೆ ಹೂವೇ ಬೇರೆ. ಅದೇ ಆರು ತುಂಡು, ಮೂರು ಬೇರೆ ಬೇರೆ ಬ್ಲಾಕ್. ನೂರೆಂಟು ಗುಂಪಿಗೆ 324 ಸಾಧ್ಯತೆ.

ಸಾಮಾನ್ಯವಾಗಿ ನಾವು ನಡು ನೋಡಿ ಆರಿಸುತ್ತೇವೆ. ನಡುವಿನಲ್ಲಿ ನಕ್ಷತ್ರ ಬಂತಾ, ಹೂವು ಬಂತಾ, ಸರಿ, ಹೊಲಿ. ಒಂದೊಂದೇ ಬ್ಲಾಕ್ ಕೈಯಲ್ಲಿ ಹಿಡಿದಾಗ ಇದು ತಪ್ಪಲ್ಲ. ಆದರೆ ನೂರು ಬ್ಲಾಕ್ ಸೇರಿದ ಮೇಲೆ ದೂರದಿಂದ ನೋಡಿದರೆ ಕಣ್ಣು ಮೊದಲು ಹಿಡಿಯುವುದು ನಡುವನ್ನಲ್ಲ, ಅಂಚನ್ನು. ಪಕ್ಕಪಕ್ಕದ ಎರಡು ಬ್ಲಾಕಿನ ಅಂಚು ಒಂದೇ ಬಣ್ಣ ಇದ್ದರೆ ನಡುವಿನ ಗೆರೆ ಅಳಿಸಿಹೋಗುತ್ತದೆ, ಬಣ್ಣ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ, ಆರುಮೂಲೆ ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ. ಅಂಚು ಬೇರೆ ಬೇರೆ ಬಣ್ಣ ಇದ್ದರೆ ಒಂದೊಂದು ಬ್ಲಾಕೂ ಬೇಲಿ ಹಾಕಿದ ತೋಟದ ಹಾಗೆ ಬೇರೆಯಾಗಿ ಎದ್ದು ನಿಲ್ಲುತ್ತದೆ.

ಜೋಡಣೆ ಅನ್ನುವುದು ಪೂರ್ತಿ ಈ ಒಂದು ಮಾತಿನ ಮೇಲೆ ನಿಂತಿದೆ. ಬೇಲಿ ಬೇಕಾ, ಬೇಡವಾ?

ಅದಕ್ಕೇ ಮೂರು ಮೂಲೆಯಲ್ಲಿ ಯಾವುದು ಅಂತ ಗೊಂದಲ ಆದರೆ, ನಡು ಬಿಟ್ಟು ಅಂಚು ನೋಡಿ ಆರಿಸಿ. ನಿಮ್ಮ ಹತ್ತಿರ ಹಳದಿ ಅಂಚಿನವು ಕಡಿಮೆ ಇದ್ದರೆ ಇದರಿಂದ ಒಂದು ಹಳದಿ ಅಂಚಿನದ್ದು ಮಾಡಿಕೊಳ್ಳಬಹುದು.

## ಪೂರ್ತಿ ಹೊಲಿಯಬೇಡಿ, ಅರ್ಧಕ್ಕೆ ನಿಲ್ಲಿಸಿ

ಆರು ತ್ರಿಕೋನದಲ್ಲಿ ಮೂರು ಮೂರು ಸೇರಿಸಿ ಎರಡು ಅರೆ ಬ್ಲಾಕ್ ಮಾಡಿ, ಅಲ್ಲಿಗೆ ನಿಲ್ಲಿಸಬೇಕು. ಎರಡನ್ನೂ ಒಂದು ಪಿನ್ನಿನಲ್ಲಿ ಜೊತೆ ಮಾಡಿ ಇಡಿ. ಜೋಡಣೆ ತೀರ್ಮಾನ ಆಗುವ ತನಕ ನಡುವಿನ ಹೊಲಿಗೆ ಬೇಡ.

ಯಾಕೆ? ಪೂರ್ತಿ ಆರುಮೂಲೆಗಳನ್ನು ಜೋಡಿಸಿದರೆ ಪ್ರತಿ ಮೂಲೆಯಲ್ಲೂ ಮೂರು ಬ್ಲಾಕ್ ಬಂದು ಸೇರುತ್ತವೆ. ಮೂರು ರಸ್ತೆ ಕೂಡುವ ಜಾಗ ಇದ್ದ ಹಾಗೆ. ನೇರ ಹೊಲಿಗೆ ಅಲ್ಲಿಗೆ ಬಂದು ನಿಂತು, ಬಟ್ಟೆ ತಿರುಗಿಸಿ, ಮತ್ತೆ ಹೊರಡಬೇಕು. ಒಂದೆರಡು ಕಡೆ ಆದರೆ ಸರಿ, ನೂರು ಬ್ಲಾಕಿಗೆ ಮಾಡಿದರೆ ಕುತ್ತಿಗೆ ನೋವು ಗ್ಯಾರಂಟಿ. ಅರೆ ಬ್ಲಾಕ್ ಆದರೆ ಈ ತಾಪತ್ರಯವೇ ಇಲ್ಲ. ಒಂದು ಅಡ್ಡಸಾಲಿನಲ್ಲಿ ಒಂದು ಬ್ಲಾಕಿನ ಮೇಲರ್ಧ, ಅದರ ಪಕ್ಕ ಇನ್ನೊಂದು ಬ್ಲಾಕಿನ ಕೆಳಗಿನರ್ಧ, ಹೀಗೆ ಒಂದು ನೆಟ್ಟಗೆ ಒಂದು ತಲೆಕೆಳಗು. ಸಾಲು ಪೂರ್ತಿ ನೇರ ಹೊಲಿಗೆ. ಆಮೇಲೆ ಸಾಲಿಗೆ ಸಾಲು ಸೇರಿಸಿದಾಗ ಮೇಲರ್ಧಕ್ಕೆ ಅದರ ಕೆಳಗಿನರ್ಧ ತಾನಾಗಿ ಬಂದು ಕೂಡುತ್ತದೆ.

ಅತ್ತಿಗೆ ಉತ್ಸಾಹದಲ್ಲಿ ಇಪ್ಪತ್ತು ಬ್ಲಾಕ್ ಪೂರ್ತಿ ಹೊಲಿದುಬಿಟ್ಟಿದ್ದರು. ಅಳುವ ವಿಷಯ ಏನಲ್ಲ. ಒಂದು ಮೂಲೆಯಿಂದ ಎದುರಿನ ಮೂಲೆಗೆ ಹೋಗುವ ನೇರ ಹೊಲಿಗೆ ಒಂದನ್ನೇ ಬಿಚ್ಚಿದರೆ ಸಾಕು, ಮತ್ತೆ ಎರಡು ಅರೆ. ಆರೂ ಬದಿ ಒಂದೇ ಆಗಿರುವುದರಿಂದ ಆ ಹೊಲಿಗೆಯನ್ನು ಯಾವ ದಿಕ್ಕಿಗೆ ತಿರುಗಿಸಿ ಇಟ್ಟರೂ ಚಿತ್ರ ಬದಲಾಗುವುದಿಲ್ಲ. ತಿರುಗಿಸಿ ಪ್ರಯೋಜನ ಇಲ್ಲ ಅಂದೆನಲ್ಲ, ಆ ಗುಣವೇ ಇಲ್ಲಿ ಉಪಕಾರಕ್ಕೆ ಬಂತು.

## ಸಂದುಚುಕ್ಕಿ ರಂಗೋಲಿ ಗೊತ್ತಾ?

ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನೇರ ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಯ ಕೆಳಗೇ ಚುಕ್ಕಿ. ಸಂದುಚುಕ್ಕಿಯಲ್ಲಿ ಎರಡು ಚುಕ್ಕಿಯ ಸಂದಿನಲ್ಲಿ ಮುಂದಿನ ಸಾಲಿನ ಚುಕ್ಕಿ. ಹಾಗೆ ಇಟ್ಟಾಗ ಪ್ರತಿ ಚುಕ್ಕಿಗೂ ಸುತ್ತ ಆರು ನೆರೆಯವರು. ಆರುಮೂಲೆ ಬ್ಲಾಕ್ ಕೂರುವುದು ಹೀಗೆಯೇ. ಜೇನುತಟ್ಟೆಯೂ ಅಷ್ಟೇ. ಎಲ್ಲ ಬದಿ, ಎಲ್ಲ ಮೂಲೆ ಸಮ ಇರುವ ಆಕಾರಗಳಲ್ಲಿ ಸಂದು ಬಿಡದೆ ನೆಲ ತುಂಬುವುದು ತ್ರಿಕೋನ, ಚೌಕ, ಆರುಮೂಲೆ ಮೂರೇ.

7 ರಿಂದ 4ಕ್ಕೆ ಸಂದುಚುಕ್ಕಿ ಇಡುತ್ತೇವಲ್ಲ, 4, 5, 6, 7, 6, 5, 4 ಅಂತ, ಅದನ್ನು ಕೂಡಿದರೆ 37. ನಡುವಿನಿಂದ ಎಣಿಸಿ ನೋಡಿ: ಒಂದು, ಅದರ ಸುತ್ತ 6, ಅದರ ಸುತ್ತ 12, ಅದರ ಸುತ್ತ 18. ಅದೂ 37. 9 ರಿಂದ 5ಕ್ಕೆ ಇಟ್ಟರೆ 61, 11 ರಿಂದ 6ಕ್ಕೆ 91. ಈ ಸಂಖ್ಯೆಗಳು ಮುಂದೆ ಬೇಕಾಗುತ್ತವೆ.

ಕಾಗದದಲ್ಲಿ ನಕ್ಷೆ ಹಾಕಬೇಕು ಅನ್ನಿಸಿದರೆ ಗ್ರಾಫ್ ಹಾಳೆ ಬೇಡ. ನೋಟ್‌ಬುಕ್ಕಿನಲ್ಲಿ ಸಂದುಚುಕ್ಕಿ ಇಟ್ಟು, ಚುಕ್ಕಿಗೊಂದು ಬಣ್ಣ ಹಚ್ಚಿ. ಅತ್ತಿಗೆಗೆ ಇದು ಎರಡು ನಿಮಿಷದಲ್ಲಿ ತಲೆಗೆ ಹೋಯಿತು. ಕಂಪ್ಯೂಟರಿನಲ್ಲಿ ಕಷ್ಟಪಟ್ಟ ಮಗಳಿಗೆ ಹೋಗಿರಲಿಲ್ಲ.

## ಮೊದಲು ರಾಶಿ ಮಾಡಿ

ಕಾಫಿ ಹಣ್ಣು ಕೊಯ್ದು ತಂದ ಮೇಲೆ ಹಣ್ಣು ಬೇರೆ, ದೋರೆಗಾಯಿ ಬೇರೆ, ಹಸಿರು ಕಾಯಿ ಬೇರೆ ಮಾಡುತ್ತಾರಲ್ಲ, ಹಾಗೆ ಬ್ಲಾಕ್‌ಗಳನ್ನೂ ಆರಿಸಬೇಕು. ಅತ್ತಿಗೆ ಬಟ್ಟೆ ಮೆರೂನ್ ನೆಲದ ಮೇಲೆ ಹಳದಿ ಹೂವು, ಹಸಿರು ಎಲೆ, ಅಲ್ಲಲ್ಲಿ ನೀಲಿ. ಅಂಚಿನ ಬಣ್ಣ ನೋಡಿ ನಾಲ್ಕು ರಾಶಿ ಆಯಿತು. ಆಮೇಲೆ ಐದನೆಯದೊಂದು ರಾಶಿ ಹುಟ್ಟಿಕೊಂಡಿತು: ಎಲ್ಲಿಗೂ ಸೇರದವು. ಅಂಚಿನಲ್ಲಿ ಅರ್ಧ ಮೆರೂನ್ ಅರ್ಧ ಹಳದಿ, ಅಥವಾ ಅಂಚು ಹಳದಿ ಇದ್ದು ನಡು ಗಟ್ಟಿ ಮೆರೂನ್.

ಎಲ್ಲರೂ ಇವನ್ನು ಪಕ್ಕಕ್ಕೆ ಇಡುತ್ತಾರೆ. ಇಡಬೇಡಿ. ದೋರೆಗಾಯಿ ಕಾಫಿಗೆ ಬೆಲೆ ಕಮ್ಮಿ ಇರಬಹುದು, ಇಲ್ಲಿ ಅದಕ್ಕೇ ಜಾಸ್ತಿ. ಮೆರೂನ್ ಜಾಗದಿಂದ ಹಳದಿ ಜಾಗಕ್ಕೆ ಹೋಗುವ ಸೇತುವೆ ಇವೇ. ಸೇತುವೆ ಇಲ್ಲದೆ ಎರಡು ಬಣ್ಣ ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಕ್ವಿಲ್ಟ್ ತಂದು ಅಂಟಿಸಿದ ಹಾಗೆ ಇರುತ್ತದೆ.

ಬಣ್ಣದ ಜೊತೆ ಇನ್ನೊಂದು ನೋಡಬೇಕು. ತಿಳಿಯೋ, ಗಾಢವೋ. ಇದು ಬಣ್ಣಕ್ಕಿಂತ ಬೇರೆ ಸಂಗತಿ. ಮೆರೂನ್ ಮತ್ತು ಕಡು ಹಸಿರು ಬೇರೆ ಬೇರೆ ಬಣ್ಣ, ಆದರೆ ಎರಡೂ ಒಂದೇ ಮಟ್ಟದ ಗಾಢ. ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದರೆ ಎರಡೂ ಒಂದೇ ಬೂದಿ ಬಣ್ಣ ಕಾಣುತ್ತವೆ. ಕೋಣೆಯಲ್ಲಿ ಬೆಳಕು ಕಮ್ಮಿ ಆದಾಗ, ಹತ್ತಡಿ ದೂರ ನಿಂತಾಗ, ಕಣ್ಣಿಗೆ ಬಣ್ಣಕ್ಕಿಂತ ಈ ತಿಳಿ-ಗಾಢವೇ ಮೊದಲು ತಿಳಿಯುವುದು. ಮಲೆನಾಡಿನ ಮಳೆಗಾಲದ ಮನೆಯೊಳಗೆ ಬೆಳಕು ಎಷ್ಟಿರುತ್ತದೆ ಅಂತ ಹೇಳಬೇಕಾಗಿಲ್ಲ. ಹಾಗಾಗಿ ಕಪ್ಪುಬಿಳುಪು ಫೋಟೋ ಒಂದು ಬೇಕೇ ಬೇಕು.

## ಯಾವ ಜೋಡಣೆ?

ಹೆಚ್ಚು ಜನ ಇಷ್ಟಪಡುವುದು ಬಣ್ಣ ಹರಿಯುವ ಜೋಡಣೆ. ಒಂದು ಮೂಲೆಯಲ್ಲಿ ಗಾಢ, ಎದುರಿನ ಮೂಲೆಯಲ್ಲಿ ತಿಳಿ, ನಡುವೆ ಮೆಲ್ಲಗೆ ಬದಲಾವಣೆ. ಮುಳ್ಳಯ್ಯನಗಿರಿ ಮೇಲೆ ಬೆಳಗಾಗುವುದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಕೆಳಗೆ ಕಪ್ಪು ಬೆಟ್ಟ, ಮೇಲೆ ಬೂದಿ ನೀಲಿ, ಆಮೇಲೆ ಕಿತ್ತಳೆ, ಎಲ್ಲಿ ಯಾವುದು ಮುಗಿಯಿತು ಅಂತ ಬೊಟ್ಟು ಮಾಡಿ ತೋರಿಸಲಾಗುವುದಿಲ್ಲ. ಇಲ್ಲಿ ಬೇಲಿ ಬೇಡ, ಅಂಚಿಗೆ ಅಂಚು ಸೇರಬೇಕು, ಸೇತುವೆ ಬ್ಲಾಕ್‌ಗಳೇ ಜೀವ.

ಮಾಡುವುದು ಹೀಗೆ. ಅತಿ ಗಾಢವಾದ ಹತ್ತು ಬ್ಲಾಕ್ ಒಂದು ಮೂಲೆಗೆ, ಅತಿ ತಿಳಿಯಾದ ಹತ್ತು ಎದುರು ಮೂಲೆಗೆ ಹಾಕಿ. ಆಮೇಲೆ ಎರಡೂ ಕಡೆಯಿಂದ ನಡುವಿಗೆ ಬನ್ನಿ. ಒಂದೇ ಕಡೆಯಿಂದ ಹೊರಟರೆ ಏನಾಗುತ್ತದೆ ಅಂದರೆ, ಒಳ್ಳೆಯ ಬ್ಲಾಕ್‌ಗಳೆಲ್ಲ ಮೊದಲೇ ಖರ್ಚಾಗಿ ಕೊನೆಯ ಮೂಲೆಗೆ ಉಳಿದಿದ್ದು ಬಳಿದಿದ್ದು ಬಂದು ಬೀಳುತ್ತದೆ, ಮದುವೆ ಊಟದ ಕೊನೇ ಪಂಕ್ತಿ ಥರ. ಒಂದು ಬ್ಲಾಕ್ ಸರಿಯಾದ ಜಾಗದಲ್ಲಿದೆಯಾ ಅಂತ ತಿಳಿಯಲು ಅದರ ಆರು ನೆರೆಯವರನ್ನು ನೋಡಿ. ನಾಲ್ಕು ಕಡೆಯಾದರೂ ಅಂಚು ಬೆರೆತರೆ ಸಾಕು. ಆರೂ ಕಡೆ ಬೆರೆಯಲಿ ಅಂತ ಹಟ ಹಿಡಿದರೆ ಕ್ವಿಲ್ಟ್ ಮುಗಿಯುವುದಿಲ್ಲ.

ಎರಡನೆಯದು ನಡುವಿನಿಂದ ಸುತ್ತು ಸುತ್ತಾಗಿ ಹೊರಗೆ ಬರುವುದು. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ನವರಂಗದ ನಡುವೆ ನಿಂತು ತಲೆ ಎತ್ತಿ ಚಾವಣಿ ನೋಡಿದ್ದೀರಲ್ವಾ? ಕಣ್ಣು ನೇರ ನಡುವಿಗೇ ಹೋಗುತ್ತದೆ, ಆಮೇಲೆ ಸುತ್ತಿನ ಕೆತ್ತನೆಗೆ ಇಳಿಯುತ್ತದೆ. ಅದೇ ಲೆಕ್ಕ. ನಡುವಿಗೆ ಅತಿ ಚೆಂದದ ಒಂದು ಬ್ಲಾಕ್, ಸುತ್ತ 6 ಒಂದು ಬಣ್ಣ, ಅದರ ಸುತ್ತ 12 ಇನ್ನೊಂದು ಬಣ್ಣ. ಇಲ್ಲಿ ಸುತ್ತಿಗೂ ಸುತ್ತಿಗೂ ನಡುವೆ ಬೇಲಿ ಬೇಕು, ಒಂದೇ ಸುತ್ತಿನೊಳಗೆ ಬೇಡ. ಹಾಗಾಗಿ ಒಂದೇ ಬಣ್ಣದ ಅಂಚಿನವು ಲೆಕ್ಕಕ್ಕೆ ಸರಿಯಾಗಿ ಸಿಗಬೇಕು. ಅತ್ತಿಗೆ ಹತ್ತಿರ ಹಳದಿ ಅಂಚಿನವು ಹದಿನಾರೇ ಇದ್ದವು, ಮೂರನೇ ಸುತ್ತಿಗೆ 18 ಬೇಕು. ಅವನ್ನು 12ರ ಸುತ್ತಿಗೆ ತಂದಾಗ ಸರಿಹೋಯಿತು, ನಾಲ್ಕು ಉಳಿಯಿತು. ಇನ್ನೊಂದು ತೊಡಕು: 91 ಬ್ಲಾಕಿನ ತನಕ ಸುತ್ತಿದರೆ ಬರುವ ಆಕಾರವೇ ಒಂದು ದೊಡ್ಡ ಆರುಮೂಲೆ. ಮಂಚ ಆರುಮೂಲೆ ಇಲ್ಲವಲ್ಲ. ನಾಲ್ಕು ಮೂಲೆಗೆ ಸಾದಾ ಬಟ್ಟೆ ತುಂಬಬೇಕು.

ಮೂರನೆಯದು ಬೇಲಿಯನ್ನೇ ಚೆಂದ ಮಾಡುವುದು. ಬ್ಲಾಕ್‌ಗಳ ನಡುವೆ ಸಾದಾ ಬಣ್ಣದ ತ್ರಿಕೋನ ಇಡುತ್ತಾರೆ, ಬ್ಲಾಕ್‌ಗಳು ಮೂಲೆಗೆ ಮೂಲೆ ಮಾತ್ರ ತಾಗುತ್ತವೆ, ಪ್ರತಿ ಬ್ಲಾಕಿನ ಸುತ್ತ ಆರು ತ್ರಿಕೋನ ಬಂದು ನಕ್ಷತ್ರ ಮೂಡುತ್ತದೆ. ಒಂದು ತ್ರಿಕೋನವನ್ನು ಮೂರು ಬ್ಲಾಕ್ ಹಂಚಿಕೊಳ್ಳುವುದರಿಂದ ಬ್ಲಾಕಿಗೆ ಎರಡೇ ತ್ರಿಕೋನ ಸಾಕು. ಕ್ವಿಲ್ಟ್ ಮೂರನೇ ಒಂದು ಪಾಲು ದೊಡ್ಡದೂ ಆಗುತ್ತದೆ, ಹಾಗಾಗಿ ಬ್ಲಾಕ್ ಕಮ್ಮಿ ಇರುವವರಿಗೆ ಇದು ಒಳ್ಳೆಯ ದಾರಿ. ಇಲ್ಲಿ ಬ್ಲಾಕ್ ಪೂರ್ತಿ ಹೊಲಿದಿದ್ದರೂ ತೊಂದರೆ ಇಲ್ಲ. ಎದುರುಬದುರು ಎರಡು ಬದಿಗೆ ಒಂದೊಂದು ತ್ರಿಕೋನ ಸೇರಿಸಿ, ಓರೆ ಸಾಲಾಗಿ ಹೊಲಿಯುತ್ತಾ ಹೋದರೆ ಎಲ್ಲ ನೇರ ಹೊಲಿಗೆಯೇ. ತ್ರಿಕೋನದ ಬಣ್ಣ ಮಾತ್ರ ಪ್ರಿಂಟಿನ ನೆಲದ ಬಣ್ಣ ಆಗಬಾರದು. ಮೆರೂನ್ ಬಟ್ಟೆಗೆ ಮೆರೂನ್ ತ್ರಿಕೋನ ಇಟ್ಟರೆ ನಕ್ಷತ್ರ ಮುಳುಗಿಹೋಗುತ್ತದೆ. ಕೆನೆ ಬಣ್ಣವೋ ಕಪ್ಪೋ ಹಾಕಿ.

ಇನ್ನು ನಾಲ್ಕನೆಯದು, ಹೇಗೆ ಬರುತ್ತದೋ ಹಾಗೆ ಚೆಲ್ಲುವುದು. ಸುಲಭ ಅನ್ನಿಸುತ್ತದೆ. ನನಗೆ ಅತಿ ಕಷ್ಟ ಆಗಿದ್ದು ಇದೇ. ಕಣ್ಣು ಮುಚ್ಚಿ ಎತ್ತಿ ಇಟ್ಟರೂ ಎಲ್ಲೋ ಮೂರು ಹಳದಿ ಗುಂಪು ಸೇರಿ, ಅಲ್ಲೊಂದು ಕಲೆ ಬಿದ್ದ ಹಾಗೆ ಕಾಣುತ್ತದೆ. ಚೆಲ್ಲಿದ ಹಾಗೆ ಕಾಣಬೇಕಾದರೂ ಕೂತು ಆರಿಸಲೇಬೇಕು.

ಯಾವ ಜೋಡಣೆ ಆದರೂ ಒಂದೆರಡು ತುಂಟ ಬ್ಲಾಕ್ ಇರುತ್ತವೆ, ಅಚ್ಚ ಬಿಳಿ ನಕ್ಷತ್ರವೋ, ಕಡು ನೀಲಿಯೋ. ಎಲ್ಲಿಟ್ಟರೂ ಕಣ್ಣು ಅಲ್ಲಿಗೇ. ಒಂದೇ ಇದ್ದರೆ ತಪ್ಪಿ ಬಂದಂತೆ ಕಾಣುತ್ತದೆ, ಮೂರು ಕಡೆ ದೂರ ದೂರ ಇಟ್ಟರೆ ಬೇಕಂತಲೇ ಇಟ್ಟಂತೆ. ಇದು ಯಾಕೆ ಹೀಗೆ ಅಂತ ಕೇಳಬೇಡಿ, ಇಟ್ಟು ನೋಡಿ.

## ಗೋಡೆ, ನೆಲ, ಅಟ್ಟ

ಜೋಡಿಸುವುದು ಎಲ್ಲಿ? ಬಿಳಿ ಫ್ಲಾನೆಲ್ ಬಟ್ಟೆಯನ್ನು ಗೋಡೆಗೆ ಬಿಗಿಯಾಗಿ ಹೊಡೆದರೆ ಹತ್ತಿ ಬಟ್ಟೆ ತುಂಡು ಪಿನ್ನಿಲ್ಲದೆ ಅದರ ಮೇಲೆ ಅಂಟಿ ನಿಲ್ಲುತ್ತದೆ. ಫ್ಯಾನ್ ಮಾತ್ರ ಹಾಕಬಾರದು. ನೆಲದ ಮೇಲೆ ಹರಡುವವರು ನೆನಪಿಡಬೇಕಾದ್ದು, ಕಾಲ ಬುಡದಲ್ಲಿ ಇರುವ ಸಾಲು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ, ತೀರ್ಮಾನ ಅಡ್ಡದಾರಿ ಹಿಡಿಯುತ್ತದೆ. ಸ್ಟೂಲ್ ಹತ್ತಿ ಮೊಬೈಲ್ ಅಡ್ಡ ಹಿಡಿದು ಮೇಲಿಂದ ಫೋಟೋ ತೆಗೆಯಿರಿ. ಅತ್ತಿಗೆ ಮನೆಯಲ್ಲಿ ಅಟ್ಟ ಇದೆ, ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದರೆ ಇಡೀ ಪಡಸಾಲೆ ಕಾಣುತ್ತದೆ. ಅಷ್ಟು ಅನುಕೂಲ ಹಾಸನದ ಬಾಡಿಗೆ ಮನೆಯಲ್ಲಿ ನನಗಿಲ್ಲ. ಒಮ್ಮೆ ಅವರ ಕಾಫಿ ಕಣದಲ್ಲಿ ಹರಡಿ ನೋಡೋಣ ಅಂತ ಬಿಸಿಲಿದ್ದ ದಿನ ಹೊರಗೆ ತಂದೆವು. ಒಂದು ಗಾಳಿ ಬೀಸಿತು ನೋಡಿ, ಹಳದಿ ರಾಶಿಯ ಅರ್ಧ ಕಾಳುಮೆಣಸಿನ ಬಳ್ಳಿ ಬುಡದಲ್ಲಿ ಸಿಕ್ಕಿತು.

ದೂರದಿಂದ ನೋಡುವುದು ಮುಖ್ಯ. ಕೋಣೆ ಚಿಕ್ಕದಿದ್ದರೆ ಫೋಟೋ ತೆಗೆದು, ಅದನ್ನು ಚಿಕ್ಕದು ಮಾಡಿ ನೋಡಿ. ಹೆಬ್ಬೆರಳಿನಷ್ಟು ಚಿತ್ರದಲ್ಲಿ ಯಾವುದು ಎದ್ದು ಕಾಣುತ್ತದೋ ಅದೇ ಹತ್ತಡಿ ದೂರದಿಂದಲೂ ಎದ್ದು ಕಾಣುವುದು. ಅರೆಗಣ್ಣು ಮಾಡಿ ನೋಡಿದರೂ ಇದೇ ಕೆಲಸ ಆಗುತ್ತದೆ, ಕನ್ನಡಕ ಇರುವವರು ಕನ್ನಡಕ ತೆಗೆದರೆ ಸಾಕು. ಪ್ರತಿ ಸಲ ಬದಲಾಯಿಸುವ ಮೊದಲು ಒಂದು ಫೋಟೋ ಇರಲಿ. ಐದನೇ ಪ್ರಯತ್ನ ಮಾಡಿ, ಎರಡನೆಯದೇ ಚೆನ್ನಾಗಿತ್ತು ಅನ್ನುವುದು ಮಾಮೂಲು.

## ಅಂಚಿನ ಲೆಕ್ಕ

ಸಂದುಚುಕ್ಕಿ ಥರ ಕೂತ ಬ್ಲಾಕ್‌ಗಳ ಹೊರ ಅಂಚು ನೇರ ಇರುವುದಿಲ್ಲ. ಒಂದು ಉದ್ದಸಾಲು ಮೇಲೆ, ಪಕ್ಕದ್ದು ಅರ್ಧ ಬ್ಲಾಕ್ ಕೆಳಗೆ. ಆ ಖಾಲಿ ಬಾಯಿಗಳಿಗೆ ಅರೆ ಬ್ಲಾಕ್ ತುಂಬಬೇಕು. ಇದನ್ನು ಮೊದಲೇ ಎಣಿಸಿಕೊಳ್ಳದಿದ್ದರೆ ಕೊನೆಯಲ್ಲಿ ಬ್ಲಾಕ್ ಸಾಲದೆ ಪೇಚಾಡಬೇಕು.

ನೂರೆಂಟಕ್ಕೆ ಹೀಗೆ ಬರುತ್ತದೆ. 12 ಉದ್ದಸಾಲು, ಸಾಲಿಗೆ 8 ಪೂರ್ತಿ, ಒಂದು ಅರೆ. ಪೂರ್ತಿ 96, ಅರೆ 12, ಅಂದರೆ ಇನ್ನು 6 ಬ್ಲಾಕ್. ಒಟ್ಟು 102. ಮೂರೂ ಮುಕ್ಕಾಲು ಇಂಚಿನ ಪಟ್ಟಿಯ ತ್ರಿಕೋನ, ಕಾಲಿಂಚು ಮಾರ್ಜಿನ್ ಬಿಟ್ಟು ಹೊಲಿದರೆ 3 ಇಂಚು ಎತ್ತರಕ್ಕೆ ಬರುತ್ತದೆ, ಬ್ಲಾಕ್ 6 ಇಂಚು. ಎಂಟೂವರೆ ಬ್ಲಾಕಿಗೆ 51 ಇಂಚು. ಎಡಬಲದ ಚೂಪುಗಳನ್ನು ಸ್ಕೇಲ್ ಇಟ್ಟು ಕತ್ತರಿಸಿದ ಮೇಲೆ ಇನ್ನೊಂದು ಕಡೆ ಸುಮಾರು 60 ಇಂಚು. ಸುತ್ತ ಐದೈದು ಇಂಚಿನ ಪಟ್ಟಿ ಹಾಕಿದರೆ 61ಕ್ಕೆ 70. ಒಬ್ಬರು ಹೊದೆಯಲು ಆರಾಮ.

ಕತ್ತರಿಸುವ ಚೂಪುಗಳಿಗೆ ನಿಮಗೆ ಇಷ್ಟವಾದ ಬ್ಲಾಕ್ ಇಡಬೇಡಿ. ಅದರ ಮೂಲೆ ಹೋಗುತ್ತದೆ.

## ಗೋಡೆಯಿಂದ ಮೆಷಿನ್ನಿಗೆ

ತೀರ್ಮಾನ ಆದ ಮೇಲೆ ಪ್ರತಿ ಅಡ್ಡಸಾಲಿನ ಎಡ ತುದಿಗೆ ಸಾಲಿನ ನಂಬರ್ ಬರೆದ ಚೀಟಿ ಪಿನ್ ಮಾಡಿ. ಎಡ ತುದಿಗೇ ಯಾಕೆ ಅಂದರೆ, ಸಾಲು ತಲೆಕೆಳಗಾದರೆ ಚೀಟಿ ಬಲಕ್ಕೆ ಬರುತ್ತದೆ, ಕೂಡಲೇ ಗೊತ್ತಾಗುತ್ತದೆ. ಒಂದು ಸಾಲು ಎತ್ತಿ, ಹೊಲಿದು, ಮತ್ತೆ ಅದೇ ಜಾಗಕ್ಕೆ ಹಾಕಿ ಮುಂದಿನದ್ದು ಎತ್ತಿ. ಎಲ್ಲವನ್ನೂ ಒಟ್ಟಿಗೆ ಎತ್ತಿ ಬುಟ್ಟಿಗೆ ಹಾಕುವ ಧೈರ್ಯ ಬೇಡ.

ಇಸ್ತ್ರಿಯಲ್ಲಿ ಒಂದು ಎಚ್ಚರ. ತ್ರಿಕೋನದ ಮೂರು ಬದಿಯಲ್ಲಿ ಒಂದು ಮಾತ್ರ ಬಟ್ಟೆಯ ಎಳೆಗೆ ನೇರ, ಉಳಿದೆರಡು ಕ್ರಾಸ್, ಅಂದರೆ ಎಳೆಗೆ ಓರೆ. ಕ್ರಾಸ್ ಬದಿ ಎಳೆದರೆ ಹಿಗ್ಗುತ್ತದೆ. ಹಾಗಾಗಿ ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಎತ್ತಿ ಒತ್ತಿ. ಒಂದು ಸಾಲಿನ ಮಾರ್ಜಿನ್ ಎಡಕ್ಕೆ ಮಡಿಸಿದರೆ ಮುಂದಿನ ಸಾಲಿನದ್ದು ಬಲಕ್ಕೆ. ಎರಡು ಸಾಲು ಸೇರುವಲ್ಲಿ ಗಂಟು ದಪ್ಪ ಆಗುವುದಿಲ್ಲ, ಬ್ಲಾಕಿನ ನಡುವಿನಲ್ಲಿ ಆರು ಮೂಲೆ ಒಂದಕ್ಕೊಂದು ಕೂತು ಸೇರುತ್ತವೆ.

ಅತ್ತಿಗೆ ಕೊನೆಗೆ ಹಿಡಿದದ್ದು ಹರಿಯುವ ಜೋಡಣೆಯೇ. ಮೆರೂನ್ ಮೂಲೆಯಿಂದ ಹೊರಟು ಹಸಿರಿನಲ್ಲಿ ಹಾದು ಹಳದಿಗೆ. ಸುತ್ತಿನ ಜೋಡಣೆಯ ಆಸೆ ಹದಿನಾರು ಹಳದಿಯಲ್ಲೇ ಕೈಬಿಟ್ಟರು. ಉಳಿದ ಆರು ಬ್ಲಾಕ್‌ಗಳಲ್ಲಿ ಆ ತುಂಟ ನೀಲಿಯೂ ಒಂದು, ಎಲ್ಲಿಟ್ಟರೂ ಕೇಳಲಿಲ್ಲ ಅದು. ಅದನ್ನು ನಡುವಿಗೆ ಹಾಕಿ, ಉಳಿದ ಐದನ್ನು ಸುತ್ತ ಇಟ್ಟು ದಿಂಬಿನ ಮುಖ ಹೊಲಿಯುತ್ತಿದ್ದಾರೆ. ಸುತ್ತಿಗೆ ಆರು ಬೇಕು ಅತ್ತಿಗೆ, ಒಂದು ಕಮ್ಮಿ ಅಂದೆ. ಆ ಒಂದು ಜಾಗಕ್ಕೆ ಕೆನೆ ಬಣ್ಣದ ಸಾದಾ ಬಟ್ಟೆ ಕತ್ತರಿಸಿ ಇಟ್ಟಿದ್ದಾರಂತೆ.